ರೀಮ್ಯಾಪ್ ಮಾಡಿಸ್ಲಿಲ್ವಾ ಅಕ್ಕಾ?

ನನ್ನ ಕಾರು ಅಬಾರ್ತ್ ಪುಂಟೊ, ಅಂದರೆ ಫಿಯೆಟ್ ಪುಂಟೊದ ಜೋರು ಆವೃತ್ತಿ. ಬಿಳಿ ಬಣ್ಣ, ಪಕ್ಕದಲ್ಲಿ ಕೆಂಪು ಪಟ್ಟಿ, ಮುಂದೆ ಫಿಯೆಟ್ ಗುರುತು ಇರಬೇಕಾದ ಜಾಗದಲ್ಲಿ ಚೇಳು. ಕಾರಿನ ಹುಚ್ಚಿರುವವರು ಸಿಗ್ನಲ್‌ನಲ್ಲಿ ಗುರುತು ಹಿಡಿದು, ಗಾಜು ಇಳಿಸಿ ಅಂತ ಸನ್ನೆ ಮಾಡುತ್ತಾರೆ. ಮೊದಲ ಪ್ರಶ್ನೆ: ಇದು ಈಗಲೂ ಸಿಗುತ್ತಾ? ಎರಡನೇದು: ರೀಮ್ಯಾಪ್ (ಎಂಜಿನ್ ಜೋರಾಗಲು ಅದರ ಸಾಫ್ಟ್‌ವೇರ್ ತಿದ್ದುವುದು) ಮಾಡಿಸಿದೀರಾ? ಇಲ್ಲ, ಎಂಜಿನ್ ಸ್ಟಾಕ್, ಕಂಪನಿ ಕೊಟ್ಟ ಹಾಗೇ ಇದೆ ಅಂದರೆ ಮುಖ ಸಪ್ಪೆಯಾಗುತ್ತದೆ. ಅಷ್ಟರಲ್ಲಿ ಹಸಿರು ದೀಪ ಬಂದಿರುತ್ತದೆ, ಹಿಂದಿನ ಆಟೋದವರು ಹಾರ್ನ್ ಶುರು ಮಾಡಿರುತ್ತಾರೆ. ಕಾರಣ ಹೇಳಲು ಪುರುಸೊತ್ತು ಎಲ್ಲಿ? ಅದಕ್ಕೇ ಇಲ್ಲಿ ಕೂತು ಬರೆಯುತ್ತಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಹೊಟ್ಟೆಪಾಡೇ ಎಂಜಿನ್ ಕ್ಯಾಲಿಬ್ರೇಶನ್. ಕಾರು ಕಂಪನಿಗಳಿಗಾಗಿ ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, ಅದರ ಒಳಗಿನ ಅಂಕಿಗಳನ್ನು ಹೊಂದಿಸುವುದು ನನ್ನ ಕೆಲಸ. ಯಾವ ವೇಗದಲ್ಲಿ ಎಷ್ಟು ಪೆಟ್ರೋಲ್, ಕಿಡಿ ಯಾವಾಗ, ಟರ್ಬೊ ಎಷ್ಟು ಗಾಳಿ ತಳ್ಳಬೇಕು, ಇಂಥ ಸಾವಿರಾರು ಅಂಕಿಗಳು. ಅಂದರೆ ರೀಮ್ಯಾಪ್‌ಗೆ ನಾನು ಯಾರ ಗ್ಯಾರೇಜಿಗೂ ಹೋಗಬೇಕಿಲ್ಲ, ನಾನೇ ಮಾಡಿಕೊಳ್ಳಬಲ್ಲೆ. ಚಿಕ್ಕಪ್ಪನ ಮಗನಿಗೆ ನನ್ನ ಮೇಲೆ ಸಿಟ್ಟು ಇರುವುದೂ ಇದಕ್ಕೇ. "ಊರವರ ಕಾರು ಟ್ಯೂನ್ ಮಾಡೋಕೆ ಸಂಬಳ ತಗೋತೀಯ, ನಿನ್ನ ಕಾರು ಮಾತ್ರ ಮುಟ್ಟಲ್ಲ. ಎಂಥ ಮಾರಾಯ್ತಿ ಅಕ್ಕಾ ನೀನು!" ಅನ್ನುತ್ತಾನೆ.

ಮೊದಲು ಕಾರಿನ ಬಗ್ಗೆ ಎರಡು ಮಾತು. ಸ್ಪೋರ್ಟ್ಸ್ ಕಾರು ಅಂದರೆ ಎರಡೇ ಬಾಗಿಲು, ನೆಲಕ್ಕೆ ಅಂಟಿಕೊಂಡ ಸೀಟು ಅಂತ ಶಾಸ್ತ್ರ ಹಿಡಿದರೆ ಇದು ಆ ಸಾಲಿಗೆ ಬರುವುದಿಲ್ಲ. ಮನೆಮಂದಿಯೆಲ್ಲ ಕೂರುವ ಹ್ಯಾಚ್‌ಬ್ಯಾಕ್. ಆದರೆ 2015ರ ಅಕ್ಟೋಬರ್‌ನಲ್ಲಿ ಇದು ಬಂದಾಗ ದೆಹಲಿಯ ಎಕ್ಸ್ ಶೋರೂಂ ಬೆಲೆ 9.95 ಲಕ್ಷ. ಆ ದುಡ್ಡಿಗೆ 1.4 ಲೀಟರ್ ಟಿ-ಜೆಟ್ ಟರ್ಬೊ ಪೆಟ್ರೋಲ್ ಎಂಜಿನ್, 145 ಬಿಎಚ್‌ಪಿ, 212 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್. 100 ಕಿ.ಮೀ. ವೇಗ ಮುಟ್ಟಲು 8.8 ಸೆಕೆಂಡ್ ಸಾಕು ಅಂತ ಕಂಪನಿ ಹೇಳಿಕೊಂಡಿತ್ತು. ಮಾಮೂಲಿ ಪುಂಟೊಗಿಂತ ತಗ್ಗು, ನೆಲದಿಂದ 155 ಮಿ.ಮೀ. ಸ್ಟೀರಿಂಗ್ ಹಳೇ ಕಾಲದ ಹೈಡ್ರಾಲಿಕ್. ಪಾರ್ಕಿಂಗ್‌ನಲ್ಲಿ ಭಾರ ಅನ್ನಿಸುತ್ತದೆ, ಆದರೆ ತಿರುವಿನಲ್ಲಿ ಮುಂದಿನ ಟೈರು ಏನು ಮಾಡುತ್ತಿದೆ ಅಂತ ಕೈಗೆ ಗೊತ್ತಾಗುತ್ತದೆ. ನನಗೆ ಈ ಕಾರು ಹಿಡಿಸಿದ್ದೇ ಆ ಒಂದು ಕಾರಣಕ್ಕೆ. ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್. ಹಿಂದಿನ ಮಾಲೀಕರು ಹಾಸನದ ಕಡೆಯ ಒಬ್ಬ ಡಾಕ್ಟರ್. ಪುಣ್ಯಕ್ಕೆ ಅವರು ಏನನ್ನೂ ಮುಟ್ಟಿರಲಿಲ್ಲ, ಸೀಟಿನ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ.

ಈಗ ತಮ್ಮನ ವಾದಕ್ಕೆ ಬರೋಣ. ಅವನ ಹತ್ತಿರ ಒಂದು ಗಟ್ಟಿ ಅಸ್ತ್ರ ಇದೆ. ಅಬಾರ್ತ್ ಅನ್ನುವ ಹೆಸರು ಬೆಳೆದಿದ್ದೇ ಬೇರೆಯವರ ಕಾರನ್ನು ಮಾಡಿಫೈ ಮಾಡಿ. ಕಾರ್ಲೊ ಅಬಾರ್ತ್ 1908ರಲ್ಲಿ ವಿಯೆನ್ನಾದಲ್ಲಿ ಹುಟ್ಟಿದವರು. 1949ರಲ್ಲಿ ಇಟಲಿಯಲ್ಲಿ ಕಂಪನಿ ಕಟ್ಟಿದರು. ಅವರದು ವೃಶ್ಚಿಕ ರಾಶಿ, ಅದಕ್ಕೇ ಚೇಳು. ರೇಸು ಹೆಸರು ತಂದಿತು, ದುಡ್ಡು ತಂದಿದ್ದು ಸೈಲೆನ್ಸರ್. ಸಣ್ಣ ಫಿಯೆಟ್‌ಗಳ ಜೋರು ಹೆಚ್ಚಿಸುವ ಕಿಟ್ಟುಗಳನ್ನೂ ಮಾರುತ್ತಿದ್ದರು. 1971ರಲ್ಲಿ ಫಿಯೆಟ್ ಈ ಕಂಪನಿಯನ್ನೇ ಕೊಂಡಿತು. ಆಮೇಲೂ ಆ ಚಾಳಿ ಹೋಗಲಿಲ್ಲ. ಯುರೋಪಿನಲ್ಲಿ ಇದೇ ಪುಂಟೊದ ಅಬಾರ್ತ್ 155 ಕುದುರೆ ಬಲದ್ದು. ಅದಕ್ಕೆ ಎಸ್ಸೆಎಸ್ಸೆ ಅಂತ ಒಂದು ಕಿಟ್, ಮರದ ಪೆಟ್ಟಿಗೆಯಲ್ಲಿ ಬರುತ್ತಿತ್ತು. ಅದನ್ನು ಹಾಕಿಸಿದರೆ 180.

"ನೋಡು, ಕಂಪನಿಯವರೇ ಮಾಡಿದಾರೆ. ನೀನು ಚೇಳು ಇಟ್ಕೊಂಡು ಸ್ಟಾಕ್ ಅಂತ ಕೂತಿದೀಯ" ಅಂತ ಅವನು.

ವಾದ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಆ ಪೆಟ್ಟಿಗೆಯೊಳಗೆ ಏನಿತ್ತು ಅಂತ ನೋಡಬೇಕಲ್ವಾ? ಬೇರೆ ಟರ್ಬೊ ಇತ್ತು, ಬೇರೆ ಬ್ರೇಕ್ ಇತ್ತು, ಬೇರೆ ಸ್ಪ್ರಿಂಗ್ ಇತ್ತು, ದೊಡ್ಡ ಚಕ್ರ ಇತ್ತು. ಅದಕ್ಕೆ ಹೊಂದುವ ಹಾಗೆ ಬರೆದ ಇಸಿಯು ಸಾಫ್ಟ್‌ವೇರ್ ಇತ್ತು. ಅದು ಕೂರುತ್ತಿದ್ದದ್ದು 6 ಗೇರಿನ ಕಾರಿಗೆ. ನಮ್ಮದಕ್ಕೆ 5 ಗೇರು, ಬೇರೆಯೇ ಗೇರ್‌ಬಾಕ್ಸ್. ಇವನು ಕೇಳುತ್ತಿರುವುದು ಆ ಪೆಟ್ಟಿಗೆಯನ್ನಲ್ಲ, ಅದರೊಳಗಿನ ಒಂದು ಫೈಲನ್ನು ಮಾತ್ರ. ನಮ್ಮ ಅಪ್ಪ ಊರಲ್ಲಿ ಮನೆ ಕಟ್ಟಿಸುವ ಗುತ್ತಿಗೆದಾರರು. ಈ ಜಗಳ ಕೇಳಿಸಿಕೊಂಡು ಪೇಪರ್ ಮಡಚಿಟ್ಟು ಒಂದೇ ಮಾತು ಹೇಳಿದರು: "ಒಂದು ಮಹಡಿಗೆ ಹಾಕಿದ ಪಾಯ. ಮೇಲೆ ಇನ್ನೊಂದು ಏರಿಸಬಹುದು. ಬೀಳೋದು ಕಟ್ಟಿದ ದಿನ ಅಲ್ಲ."

ಅಪ್ಪನಿಗೆ ಕಾರಿನ ಬಗ್ಗೆ ಏನೂ ಗೊತ್ತಿಲ್ಲ. ಆದರೆ ನಾನು ಆಫೀಸಿನಲ್ಲಿ ಸ್ಲೈಡು ಹಾಕಿ ಹೇಳುವುದೂ ಇದನ್ನೇ.

ಕಾರ್ಖಾನೆಯವರು ಯಾಕೆ ಅಷ್ಟು ಶಕ್ತಿಯನ್ನು ಕೈಯಲ್ಲೇ ಇಟ್ಟುಕೊಂಡು ಕೊಡುತ್ತಾರೆ ಅನ್ನುವುದು ಎಲ್ಲರ ಪ್ರಶ್ನೆ. ಜಿಪುಣತನ ಅಂತ ಜನ ತಿಳಿದಿದ್ದಾರೆ. ಬೇಸಿಗೆಯ ಟೆಸ್ಟಿಂಗ್‌ಗೆ ಒಮ್ಮೆ ಬಂದರೆ ಗೊತ್ತಾಗುತ್ತದೆ. ಮೇ ತಿಂಗಳಲ್ಲಿ ರಾಜಸ್ಥಾನಕ್ಕೆ ಹೋಗುತ್ತೇವೆ. ಹೊರಗೆ 45 ಡಿಗ್ರಿ. ಹಿಂದಿನ ಸೀಟಲ್ಲಿ ಐದು ಜನರ ಲೆಕ್ಕಕ್ಕೆ ಮರಳಿನ ಮೂಟೆ. ಎಂಜಿನ್ನಿನ ಸಂದಿಗೊಂದಿಯಲ್ಲೆಲ್ಲ ಬಿಸಿ ಅಳೆಯುವ ವೈರು, ಅವೆಲ್ಲ ಬಂದು ಸೇರುವುದು ನನ್ನ ತೊಡೆ ಮೇಲಿನ ಲ್ಯಾಪ್‌ಟಾಪಿಗೆ. ಎಸಿ ಫುಲ್ ಹಾಕಿ, ಲಾರಿ ಹಿಂದೆ ತೆವಳಿಕೊಂಡು, ಆಮೇಲೆ ಒಮ್ಮೆಲೇ ಆಕ್ಸಿಲರೇಟರ್ ಪೂರ್ತಿ ಒತ್ತಿ. ಇದನ್ನೇ ದಿನವಿಡೀ. ಚಳಿಗಾಲದಲ್ಲಿ ಲೇಹ್. ರಾತ್ರಿಯೆಲ್ಲ ಹೊರಗೆ ನಿಲ್ಲಿಸಿದ ಕಾರು ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗಬೇಕು. ಖರ್ದುಂಗ್ ಲಾ 5,359 ಮೀಟರ್ ಎತ್ತರದಲ್ಲಿದೆ, ಅಲ್ಲಿಯೂ ಹತ್ತಬೇಕು. ಕೆಳಗೆ ಬಂದರೆ ಯಾವುದೋ ಹಳ್ಳಿಯ ಬಂಕಿನ ಕಲಬೆರಕೆ ಪೆಟ್ರೋಲ್ ಕುಡಿದೂ ಎಂಜಿನ್ ಬದುಕಬೇಕು.

ಈ ಎಲ್ಲ ಸೇರಿ ಒಂದು ಮಿತಿ ಹುಟ್ಟುತ್ತದೆ. ಟರ್ಬೊ ಎಂಜಿನ್ನನ್ನು ಪೂರ್ತಿ ಒತ್ತಿ ಓಡಿಸುವಾಗ ಟರ್ಬೊ ಬಾಯಿಗೆ ಬರುವ ಹೊಗೆಯ ಬಿಸಿ 950 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅದು ದಾಟದ ಹಾಗೆ ನಾವು ಬೇಕೆಂದೇ ಪೆಟ್ರೋಲ್ ಜಾಸ್ತಿ ಸುರಿಯುತ್ತೇವೆ. ಅದು ಉರಿಯಲಿಕ್ಕಲ್ಲ, ತಣಿಸಲಿಕ್ಕೆ. ಕಿಡಿಯನ್ನು ಸ್ವಲ್ಪ ತಡವಾಗಿ ಕೊಡುತ್ತೇವೆ, ನಾಕ್ ಆಗಬಾರದಲ್ಲ, ಅಂದರೆ ಪೆಟ್ರೋಲ್ ತಾನಾಗಿಯೇ ಸಿಡಿಯಬಾರದು. ರೀಮ್ಯಾಪ್ ಅಂದರೆ ಬಹುಪಾಲು ಇದನ್ನೇ ತಿರುವುಮುರುವು ಮಾಡುವುದು. ಟರ್ಬೊ ಒತ್ತಡ ಏರಿಸು, ಕಿಡಿ ಬೇಗ ಕೊಡು, ಟಾರ್ಕ್ ಮಿತಿ ಮೇಲಕ್ಕೆ ಸರಿಸು. ಚಳಿಗಾಲದ ಬೆಂಗಳೂರಿನ ಬೆಳಿಗ್ಗೆ, ಒಳ್ಳೇ ಪೆಟ್ರೋಲ್ ಹಾಕಿ, ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ನಿಲ್ಲಿಸಿ, ಎದುರಿಗೆ ದೊಡ್ಡ ಫ್ಯಾನ್ ಇಟ್ಟರೆ ಎಲ್ಲವೂ ಚೆಂದ. ಗ್ರಾಫ್ ಪ್ರಿಂಟ್ ತೆಗೆದು ಕೊಡುತ್ತಾರೆ. ತಮ್ಮ ಅದನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟುಕೊಂಡಿದ್ದಾನೆ.

ಎತ್ತರದ ಮಾತು ಇನ್ನೊಂದಿದೆ, ಇದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲೆ. ಇಲ್ಲಿ ಗಾಳಿಯ ಒತ್ತಡ ಉಡುಪಿಗಿಂತ ಹತ್ತಿರ ಹತ್ತಿರ 10 ಶೇಕಡಾ ಕಡಿಮೆ. ಮುಳ್ಳಯ್ಯನಗಿರಿಗೆ ಹೋದರೆ ಇನ್ನೂ ಕಡಿಮೆ. ಅದೇ ಶಕ್ತಿ ಬೇಕು ಅಂದರೆ ಟರ್ಬೊ ಇನ್ನೂ ಜೋರಾಗಿ ತಿರುಗಬೇಕು. ಕಾರ್ಖಾನೆಯ ಮ್ಯಾಪಿನಲ್ಲಿ, ಅಂದರೆ ಇಸಿಯು ಅಂಕಿಗಳ ಪಟ್ಟಿಯಲ್ಲಿ, ಎತ್ತರ ಹೆಚ್ಚಿದ ಹಾಗೆ ಒತ್ತಡ ಇಳಿಸುವ ಒಂದು ಕೋಷ್ಟಕ ಇರುತ್ತದೆ. ಟರ್ಬೊ ಮಿತಿ ಮೀರಿ ತಿರುಗಿ ಒಡೆಯದಿರಲಿ ಅಂತ. ಅಗ್ಗದ ಕೆಲವು ರೀಮ್ಯಾಪ್ ಫೈಲುಗಳನ್ನು ತೆರೆದು ನೋಡಿದ್ದೇನೆ. ಆ ಕೋಷ್ಟಕಕ್ಕೆ ಒಂದೇ ದೊಡ್ಡ ಅಂಕಿ ತುಂಬಿ ಮುಗಿಸಿರುತ್ತಾರೆ. ಎಲ್ಲರೂ ಹೀಗೆ ಮಾಡುತ್ತಾರೆ ಅನ್ನುತ್ತಿಲ್ಲ. ಬೆಂಗಳೂರಲ್ಲಿ ನಿಜಕ್ಕೂ ಕೆಲಸ ಬಲ್ಲ ಟ್ಯೂನರ್‌ಗಳಿದ್ದಾರೆ. ಅವರು ರಸ್ತೆಯ ಮೇಲೆ ಓಡಿಸಿ ಲಾಗ್ (ಸೆನ್ಸರ್ ಅಂಕಿಗಳ ದಾಖಲೆ) ತೆಗೆಯುತ್ತಾರೆ, ನಾಕ್ ನೋಡುತ್ತಾರೆ, ಬೇಡ ಅನ್ನಿಸಿದರೆ ದುಡ್ಡು ಬಿಟ್ಟು ಗಿರಾಕಿಯನ್ನು ವಾಪಸ್ ಕಳಿಸುತ್ತಾರೆ. ಅವರ ಹತ್ತಿರ ಹೋದರೆ ನನ್ನ ತಕರಾರು ಅರ್ಧ ಕಡಿಮೆ.

ತಮ್ಮನ ಕಾರು ಪೋಲೊ ಜಿಟಿ ಟಿಎಸ್‌ಐ. ಹಳೇ 1.2 ಲೀಟರಿನದ್ದು, 105 ಪಿಎಸ್, 175 ನ್ಯೂಟನ್ ಮೀಟರ್. ಅದಕ್ಕಿರುವುದು ಏಳು ಗೇರಿನ ಡಿಎಸ್‌ಜಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ಡಿಕ್ಯೂ200 ಅಂತ ಹೆಸರು, ಎಣ್ಣೆಯಿಲ್ಲದ ಒಣ ಜೋಡಿ ಕ್ಲಚ್. ಅದು ಹೆಚ್ಚೆಂದರೆ ಹೊರಬಲ್ಲ ಟಾರ್ಕ್ 250 ನ್ಯೂಟನ್ ಮೀಟರ್ ಅಂತ ಮಾಡಿದವರೇ ಹೇಳಿದ್ದಾರೆ. ಸ್ಟಾಕ್ ಕಾರಿನಲ್ಲಿ 75ರಷ್ಟು ಉಳಿಕೆ ಇದೆ. ಇವನು ಹಾಕಿಸಿದ ಸ್ಟೇಜ್ 1 ಫೈಲು, ಅಂದರೆ ಬರೀ ಸಾಫ್ಟ್‌ವೇರಿನ ರೀಮ್ಯಾಪ್, ಆ ಉಳಿಕೆಯ ಬಹುಪಾಲನ್ನು ತಿಂದಿದೆ. ಇನ್ನೂ ಮಿತಿಯೊಳಗೇ ಇದೆ, ಹೌದು. ಆದರೆ ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಇಂಚಿಂಚು ತೆವಳುವಾಗ ಆ ಒಣ ಕ್ಲಚ್ಚಿಗೆ ಏರುವ ಬಿಸಿ ಇದೆಯಲ್ಲ, ಅದನ್ನು ತಡೆದುಕೊಳ್ಳಲಿಕ್ಕೂ ಆ ಉಳಿಕೆಯೇ ಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಸತ್ಯ ಹೇಳದಿದ್ದರೆ ತಪ್ಪಾಗುತ್ತದೆ. ಅವನ ಕಾರು ಓಡಿಸಲು ಮಜಾ ಇದೆ. ಹಾಸನದ ಹೈವೇಯಲ್ಲಿ ಲಾರಿ ದಾಟುವಾಗ ಬಲಗಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತದೆ. ನನ್ನದರಲ್ಲಿ ಟರ್ಬೊ ಎದ್ದು ಬರುವ ತನಕ ಒಂದು ಗಳಿಗೆ ಕಾಯಬೇಕು. ನಗು ಬರುವುದು ಅವನದರಲ್ಲೇ ಬೇಗ.

ಆದರೆ ನಾನು ಕಾರು ಓಡಿಸುವುದು ಎಲ್ಲಿ? ಊರು ತೀರ್ಥಹಳ್ಳಿ ಹತ್ತಿರ. ಅತ್ತೆ ಮನೆ ಉಡುಪಿ. ಮಧ್ಯೆ ಆಗುಂಬೆ ಘಾಟಿ. ಹದಿನಾಲ್ಕು ಹೇರ್‌ಪಿನ್ ತಿರುವು, ಕೆಳಗೆ ಸೋಮೇಶ್ವರ, ಆಮೇಲೆ ಹೆಬ್ರಿ. ಆ ತಿರುವುಗಳಲ್ಲಿ ಮೊದಲನೇ ಗೇರು, ಎರಡನೇ ಗೇರು, ಅಷ್ಟೇ. ಜುಲೈನಲ್ಲಿ ರಸ್ತೆ ಮೇಲೆ ನೀರು ಹರಿಯುತ್ತಿರುತ್ತದೆ, ಮಂಜು ಮುಖಕ್ಕೆ ಬಂದು ನಿಂತಿರುತ್ತದೆ, ತಿರುವಿನಲ್ಲಿ ಕೋತಿ ಕೂತಿರುತ್ತದೆ. ಅಲ್ಲಿ 145ರಲ್ಲಿ ಅರ್ಧವೂ ಖರ್ಚಾಗುವುದಿಲ್ಲ. 180 ಇಟ್ಟುಕೊಂಡು ಏನು ಮಾಡಲಿ? ಅಲ್ಲಿ ಬೇಕಾದ್ದು ಟೈರು ಮತ್ತು ಬ್ರೇಕು. ಹಾಗಾಗಿ ನಾನು ದುಡ್ಡು ಸುರಿದಿರುವುದೂ ಅಲ್ಲೇ. ಸ್ಟಾಕ್ ಅಂದರೆ ಏನೂ ಮುಟ್ಟಬಾರದು ಅನ್ನುವ ಮಡಿ ನನಗಿಲ್ಲ.

ಟೈರಿನ ಅಳತೆ ಕಂಪನಿ ಕೊಟ್ಟದ್ದೇ, 195/55 ಆರ್16. ಐ20ಗೂ ಬಲೆನೊಗೂ ಇದೇ ಅಳತೆ ಬರುವುದರಿಂದ ಅಂಗಡಿಯಲ್ಲಿ ಆಯ್ಕೆ ಬೇಕಾದಷ್ಟಿದೆ. ಕಂಪನಿ ಕೊಟ್ಟ ಟೈರು ಸವೆದ ಮೇಲೆ ಒದ್ದೆ ರಸ್ತೆಗೆ ಒಳ್ಳೆಯದು ಅಂತ ಹೆಸರಾದ, ಒಂದು ದರ್ಜೆ ಮೆದು ರಬ್ಬರಿನ ಟೈರು ಹಾಕಿಸಿದೆ. ಬೇಗ ಸವೆಯುತ್ತವೆ, ಗೊತ್ತಿದ್ದೇ ಹಾಕಿಸಿದ್ದು. ಕಾನೂನಿನ ಪ್ರಕಾರ ಟೈರಿನ ಗೆರೆಯ ಆಳ 1.6 ಮಿ.ಮೀ. ತನಕ ನಡೆಯುತ್ತದೆ. ಮಲೆನಾಡಿನ ಮಳೆಗೆ ಅದು ಸಾಲದು, ನಾನು 3 ಮಿ.ಮೀ.ಗೇ ಬದಲಾಯಿಸುತ್ತೇನೆ. ಕೊಳ್ಳುವಾಗ ಪಕ್ಕದ ನಾಲ್ಕು ಅಂಕಿ ಓದಿ. ಮೊದಲ ಎರಡು ಅಂಕಿ ತಯಾರಾದ ವಾರ, ಕೊನೆಯ ಎರಡು ಅಂಕಿ ವರ್ಷ. ಹಳೇ ಮಾಲು ದಾಟಿಸುವುದರಲ್ಲಿ ಟೈರ್ ಅಂಗಡಿಯವರು ನಿಸ್ಸೀಮರು. "ಮೇಡಂ, ಮೊನ್ನೆ ಬಂದಿದ್ದು" ಅಂತಾರೆ. ಮೊನ್ನೆ ಬಂದಿರಬಹುದು, ಹುಟ್ಟಿದ್ದು ಯಾವಾಗ?

ಬ್ರೇಕಿಗೆ ಸ್ವಲ್ಪ ಬಿಸಿ ತಡೆಯುವ ಪ್ಯಾಡು. ಅದಕ್ಕಿಂತ ಮುಖ್ಯ ಬ್ರೇಕ್ ಆಯಿಲ್. ಡಾಟ್ 4 ದರ್ಜೆಯ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ಆದರೆ ಅದು ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯಬಹುದು. ಘಾಟಿ ಇಳಿಯುವಾಗ ಸುಮ್ನೆ ಬ್ರೇಕ್ ಒತ್ತಿಕೊಂಡೇ ಬಂದರೆ ಆಯಿಲ್ ಕುದ್ದು, ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ. ನಮ್ಮ ಆಗುಂಬೆಯ ತೇವಕ್ಕೆ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಕಡ್ಡಾಯ ಅಂದುಕೊಳ್ಳಿ. ಈ ಕೆಲಸಕ್ಕೆ ಆಗುವ ಖರ್ಚು ಒಂದು ಸಲ ಟ್ಯಾಂಕ್ ತುಂಬಿಸುವುದಕ್ಕಿಂತ ಕಡಿಮೆ. ಆದರೆ ಇದರ ಫೋಟೋ ಹಾಕಿದರೆ ಯಾರೂ ಲೈಕ್ ಒತ್ತುವುದಿಲ್ಲ, ಅದೇ ತೊಂದರೆ.

ಕಾರು ಇನ್ನೂ ತಗ್ಗಿಸುವ ಸ್ಪ್ರಿಂಗ್ ಬಗ್ಗೆ ನನಗೆ ಕೇಳಲೇಬೇಡಿ. 155ರಲ್ಲಿ 30 ಕಳೆದರೆ 125. ನಮ್ಮ ರಸ್ತೆಗಳಲ್ಲಿ ಹಂಪ್ ಹೇಗಿರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅಳತೆ ಬರೆದಿಟ್ಟಿದೆ. 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. ಎತ್ತರ ಹೇಗೋ ಸರಿಹೋಗುತ್ತದೆ, ಅಗಲ ಅನ್ನೋದು ಇದೆಯಲ್ಲ, ಅದನ್ನು ನಾನು ಶಿವಮೊಗ್ಗದಿಂದ ತೀರ್ಥಹಳ್ಳಿ ತನಕ ಹುಡುಕುತ್ತಲೇ ಇದ್ದೇನೆ. ಸ್ಟಾಕ್ ಎತ್ತರದಲ್ಲೇ ಅಡ್ಡಡ್ಡ ಹತ್ತಿಸಿ ಇಳಿಸಬೇಕು. ತಮ್ಮ ಪೋಲೊಗೆ 17 ಇಂಚಿನ ಅಲಾಯ್ ಹಾಕಿಸಿ ತುಮಕೂರು ರಸ್ತೆಯ ಗುಂಡಿಯೊಂದರಲ್ಲಿ ರಿಮ್ ಬಗ್ಗಿಸಿಕೊಂಡ. ತೆಳು ಟೈರಿನಲ್ಲಿ ಹೊಡೆತ ತಡೆಯಲು ರಬ್ಬರು ಎಲ್ಲಿರುತ್ತದೆ? ಈಗ ಹಳೇ ಚಕ್ರಕ್ಕೇ ವಾಪಸ್ ಬಂದಿದ್ದಾನೆ. ಅದನ್ನು ಮಾತ್ರ ಎಲ್ಲೂ ಹೇಳಿಕೊಳ್ಳುವುದಿಲ್ಲ.

ಕಾನೂನಿನ ವಿಷಯ ಬೇಗ ಮುಗಿಸುತ್ತೇನೆ, ಅದರಲ್ಲಿ ರಸ ಇಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಒಂದು ಕೇಸಿನಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷ ಕಾಯ್ದೆ ತಿದ್ದುಪಡಿಯಾಗಿ, ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಎರಡೂ ಅಂತ ಸೇರಿತು. ಬಣ್ಣ ಬದಲಿಸಿದರೂ ಆರ್‌ಸಿಯಲ್ಲಿ ಬರೆಸಬೇಕು. ನಿಜ, ಲ್ಯಾಪ್‌ಟಾಪ್ ಚುಚ್ಚಿ ಇಸಿಯು ಓದುವ ಪೊಲೀಸರು ರಸ್ತೆಯಲ್ಲಿ ಇಲ್ಲ. ಸೈಲೆನ್ಸರ್ ಓದಲು ಲ್ಯಾಪ್‌ಟಾಪ್ ಬೇಕಿಲ್ಲ, ಕಿವಿ ಸಾಕು. ಊರೂರಲ್ಲಿ ಪೊಲೀಸರು ರೋಡ್ ರೋಲರ್ ಹತ್ತಿಸಿ ಸೈಲೆನ್ಸರ್ ಪುಡಿ ಮಾಡುವ ಫೋಟೋ ಪೇಪರಿನಲ್ಲಿ ನೋಡಿರುತ್ತೀರಿ. ಇನ್ನು ಇನ್ಶೂರೆನ್ಸ್. ಮುಂಚೆ ಹೇಳದ ಬದಲಾವಣೆ ಆಮೇಲೆ ಸರ್ವೇಯರ್ ಕಣ್ಣಿಗೆ ಬಿದ್ದರೆ ಕ್ಲೇಮು ಕೈಬಿಡಬಹುದು. ಅಷ್ಟು ಸಾಕು.

ಮಾಡಿಫೈ ಮಾಡುವುದೇ ತಪ್ಪು ಅಂತ ನಾನು ಹೇಳಿದರೆ ಕೊಯಮತ್ತೂರಿನವರು ನಗುತ್ತಾರೆ. ಅಲ್ಲಿನ ಎಸ್. ಕರಿವರ್ಧನ್ ಮಾರುತಿ 800 ಎಂಜಿನ್ ಇಟ್ಟು ಒಂಟಿ ಸೀಟಿನ ರೇಸ್ ಕಾರು ಕಟ್ಟಿದವರು. ನಮ್ಮ ದೇಶದ ಎಷ್ಟೋ ರೇಸರ್‌ಗಳು ಕೈ ಪಳಗಿಸಿಕೊಂಡಿದ್ದೇ ಅಂಥ ಕಾರಿನಲ್ಲಿ. ಅವರ ಹೆಸರಿನ ಕರಿ ಮೋಟಾರ್ ಸ್ಪೀಡ್‌ವೇ 2.1 ಕಿ.ಮೀ. ಉದ್ದ. ಚೆನ್ನೈ ಹತ್ತಿರ ಇರುಂಗಾಟ್ಟುಕೋಟ್ಟೈನಲ್ಲಿರುವುದು 3.7 ಕಿ.ಮೀ. ಬೆಂಗಳೂರಿನಿಂದ ಎರಡಕ್ಕೂ ಹೋಗಿ ಬರುವವರಿದ್ದಾರೆ. ಒಬ್ಬ ಸಹೋದ್ಯೋಗಿ ಹಳೇ ಕಾರಿನ ಹಿಂದಿನ ಸೀಟು ಕಿತ್ತು, ರೋಲ್ ಕೇಜ್ (ಕಾರು ಮಗುಚಿದರೆ ಕಾಯುವ ಚೌಕಟ್ಟು) ಬೆಸುಗೆ ಹಾಕಿಸಿ, ಟ್ರ್ಯಾಕಿಗೆ ಲಾರಿ ಮೇಲೆ ಹೇರಿಕೊಂಡು ಹೋಗುತ್ತಾನೆ. ಆ ಕಾರು ರಸ್ತೆಗೆ ಇಳಿಯುವುದೇ ಇಲ್ಲ. ಏನು ಬೇಕಾದರೂ ಬದಲಿಸಲಿ, ಎಂಜಿನ್ ಒಡೆದರೆ ಒಡೆಯಲಿ. ಅವನ ಲೆಕ್ಕ ಅವನಿಗೆ ಗೊತ್ತಿದೆ. ನನಗೆ ಸಿಟ್ಟು ಬರುವುದು ಟ್ರ್ಯಾಕಿನ ಸಾಮಾನು ಹಾಕಿಸಿ ಅಜ್ಜಿಯನ್ನು ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗುವವರ ಮೇಲೆ.

ಚಿಕ್ಕಪ್ಪನ ಮನೆಯಲ್ಲೇ ಒಂದು ಪಾಠ ನಿಂತಿದೆ, ಆರ್‌ಎಕ್ಸ್ 100 ಬೈಕು. ಕಾಲೇಜಿನ ದಿನಗಳಲ್ಲಿ ಚಿಕ್ಕಪ್ಪ ಅದರ ಸೈಲೆನ್ಸರ್ ಕೊಯ್ಸಿದರು, ಎಂಜಿನ್ನಿನ ಪೋರ್ಟ್ (ಗಾಳಿ, ಹೊಗೆ ಹೋಗುವ ದಾರಿ) ಉಜ್ಜಿಸಿದರು, ಮಡ್‌ಗಾರ್ಡ್ ಕಿತ್ತೆಸೆದರು. ಆಗ ಶಿವಮೊಗ್ಗದಲ್ಲಿ ಎಲ್ಲರೂ ಮಾಡುತ್ತಿದ್ದದ್ದು ಅದನ್ನೇ. ಆ ಬೈಕು ತಯಾರಾಗುವುದು ನಿಂತಿದ್ದು 1996ರಲ್ಲಿ. ಈಗ ಒರಿಜಿನಲ್ ಸೈಲೆನ್ಸರ್, ಒರಿಜಿನಲ್ ಮೀಟರ್ ಇರುವ ಆರ್‌ಎಕ್ಸ್‌ಗೆ ಲಕ್ಷದ ಮೇಲೆ ಕೇಳುತ್ತಾರೆ. ಚಿಕ್ಕಪ್ಪ ತಾವೇ ಬಿಸಾಕಿದ ಸಾಮಾನುಗಳನ್ನು ಗುಜರಿ ಅಂಗಡಿಗಳಲ್ಲಿ ದುಪ್ಪಟ್ಟು ರೇಟು ಕೊಟ್ಟು ವಾಪಸ್ ಕೂಡಿಸುತ್ತಿದ್ದಾರೆ. ಅವರ ಮಗನೇ ನನಗೆ ಬುದ್ಧಿ ಹೇಳುವವನು.

ನಾನು ಮುಟ್ಟದಿದ್ದರೂ ಕಾರು ಪೂರ್ತಿ ಸ್ಟಾಕ್ ಆಗಿ ಉಳಿದಿಲ್ಲ ಅನ್ನುವುದು ಬೇರೆ ಮಾತು. ಬಂಕಿನ ಪೆಟ್ರೋಲೇ ಬದಲಾಯಿತಲ್ಲ. ಈಗ ಎಲ್ಲೆಡೆ ಇ20, ಅಂದರೆ 20 ಶೇಕಡಾ ಎಥನಾಲ್. ಆಕ್ಟೇನ್, ಅಂದರೆ ನಾಕ್ ತಡೆಯುವ ಗುಣದ ಅಂಕಿ, ಮೊದಲಿನ 91ರಿಂದ 95ಕ್ಕೆ ಏರಿದೆ, ಅದು ಟರ್ಬೊ ಎಂಜಿನ್ನಿಗೆ ಒಳ್ಳೆಯದೇ. ಆದರೆ ಎಥನಾಲ್ ತನ್ನೊಳಗೇ ಆಮ್ಲಜನಕ ಇಟ್ಟುಕೊಂಡಿರುತ್ತದೆ. ಅಷ್ಟೇ ಗಾಳಿಗೆ ಶುದ್ಧ ಪೆಟ್ರೋಲಿಗಿಂತ ಹತ್ತಿರ ಹತ್ತಿರ 8 ಶೇಕಡಾ ಜಾಸ್ತಿ ಇಂಧನ ಸುರಿಯಬೇಕು. ಸ್ಟಾಕ್ ಎಂಜಿನ್ನಿನ ಇಂಜೆಕ್ಟರಿಗೆ ಆ ಕೆಲಸ ಮಾಡಲು ಒಂದಿಷ್ಟು ಅವಕಾಶ ಉಳಿದಿರುತ್ತದೆ, ಇಸಿಯು ಆಕ್ಸಿಜನ್ ಸೆನ್ಸರ್ ನೋಡಿಕೊಂಡು ತಾನೇ ಸರಿಮಾಡಿಕೊಳ್ಳುತ್ತದೆ. ಆ ಅವಕಾಶವನ್ನು ರೀಮ್ಯಾಪ್ ಮೊದಲೇ ತಿಂದು ಮುಗಿಸಿದ್ದರೆ? ಇ20 ಬರುವ ಮೊದಲು ಬರೆದ ಫೈಲು ಹಾಕಿಕೊಂಡು ಓಡಾಡುವವರು ಒಮ್ಮೆ ಟ್ಯೂನರ್ ಹತ್ತಿರ ಹೋಗಿ ಪೂರ್ತಿ ಒತ್ತಿದಾಗಿನ ಲಾಗ್ ತೆಗೆಸಿ. ಇದನ್ನು ಈ ಕೆಲಸ ಬಲ್ಲವಳಾಗಿ ಹೇಳುತ್ತಿದ್ದೇನೆ, ಜಗಳಕ್ಕಲ್ಲ.

ನನ್ನ ಈಗಿನ ತಲೆನೋವು ಬೇರೆ. ಫಿಯೆಟ್ ಪುಂಟೊ ಇಲ್ಲಿ ನಿಂತು ವರ್ಷಗಳಾದವು. ಫಿಯೆಟ್ಟಿನ 1.3 ಡೀಸೆಲ್ ಎಂಜಿನ್ ಸ್ವಿಫ್ಟ್‌ನಲ್ಲೂ ಇತ್ತು, ಟಾಟಾ ವಿಸ್ಟಾದಲ್ಲೂ ಇತ್ತು, ಅದರ ಸಾಮಾನು ಯಾವ ಹಳ್ಳಿಯಲ್ಲೂ ಸಿಗುತ್ತದೆ. ಟಿ-ಜೆಟ್ ಕಥೆ ಹಾಗಲ್ಲ. ಫಿಯೆಟ್ ಲಿನಿಯಾ ಟಿ-ಜೆಟ್, ಅಬಾರ್ತ್ ಪುಂಟೊ, ಅಬಾರ್ತ್ ಎಂಜಿನ್ನಿನ ಅವೆಂಚುರಾ, ಹೆಚ್ಚುಕಡಿಮೆ ಅಲ್ಲಿಗೆ ಮುಗಿಯಿತು. ಟರ್ಬೊ ಹೋದರೆ ಇನ್ನೊಂದು ಟರ್ಬೊ ಬರಬೇಕಾದ್ದು ಸತ್ತ ಯಾವುದೋ ಲಿನಿಯಾದಿಂದ. ಎಂಜಿನ್ನಿಗೆ ಜೋರು ಮಾಡದೆ ಇರಲು ಇದು ನನ್ನ ದೊಡ್ಡ ಕಾರಣ. ಹಾಗಂತ ಬುಶ್ಶು, ಲೋಯರ್ ಆರ್ಮು, ಶಾಕು ಇವೆಲ್ಲ ಮುದಿಯಾಗದೆ ಇರುತ್ತವೆಯೇ? ಹಿಂದಿನ ಎರಡೂ ಶಾಕ್ ಅಬ್ಸಾರ್ಬರ್ ಈಗ ಎಣ್ಣೆ ಬಿಡುತ್ತಿವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೇಳಿದೆ. ಒಬ್ಬರು ಮಾಮೂಲಿ ಪುಂಟೊದ್ದನ್ನೇ ತೋರಿಸಿ "ಹಾಕಿ ಮೇಡಂ, ಎರಡೂ ಒಂದೇ" ಅಂದರು. ಒಂದೇ ಅಲ್ಲ, ಮೆದು. ಅಂದರೆ ಸ್ಟಾಕ್ ಆಗಿ ಇಡಬೇಕು ಅಂದರೂ ಇಡಲು ಆಗುತ್ತಿಲ್ಲ, ಏನಾದರೊಂದು ಬೇರೆ ಹಾಕಲೇಬೇಕು.

ತಮ್ಮನಿಗೆ ಹಬ್ಬ. ಎತ್ತರ ಏರಿಸಿ ಇಳಿಸುವ ಕಾಯ್ಲೋವರ್ ಹಾಕಿಸು ಅಂತ ದಿನಾ ಲಿಂಕ್ ಕಳಿಸುತ್ತಿದ್ದಾನೆ. ನನ್ನ ಯೋಚನೆ ಇಷ್ಟೇ: ಸ್ಪ್ರಿಂಗ್ ಒರಿಜಿನಲ್ಲೇ ಇರಲಿ, ಅದಕ್ಕೆ ಹೊಂದುವ ಗ್ಯಾಸ್ ಶಾಕು ಯುರೋಪಿನಿಂದ ತರಿಸೋಣ. ಕಸ್ಟಮ್ಸ್ ಸೇರಿಸಿದರೆ ರೇಟು ಕೇಳಿ ತಲೆ ತಿರುಗುತ್ತದೆ, ಆದರೂ ಮಳೆಗಾಲಕ್ಕೆ ಮುಂಚೆ ಆಗಬೇಕು. ಅಷ್ಟರೊಳಗೆ ಅಬಾರ್ತ್ ಪುಂಟೊದ ಒರಿಜಿನಲ್ ಹಿಂದಿನ ಜೋಡಿ, ಡಬ್ಬಿ ಒಡೆಯದ್ದು, ಯಾರ ಅಟ್ಟದಲ್ಲಾದರೂ ಬಿದ್ದಿದ್ದರೆ ತಿಳಿಸಿ. ಮುಂದಿನ ಜೋಡಿ ಇದ್ದರೆ ಅದನ್ನೂ ತಗೊಳ್ಳುತ್ತೇನೆ. ರೇಟು ಮಾತಾಡೋಣ.